‘ಮೂಲ ಊರು’ ಎಂಬ ಖಾಲಿ ಜಾಗ: ಮಕ್ಕಳ ಜತೆ ಹತ್ತು ನಿಮಿಷದ ಚಿತ್ರ ಮಾಡಲು ಹೊರಟವರಿಗೆ

ಶಿಬಿರದ ಮೊದಲ ದಿನ ಮಕ್ಕಳ ಕೈಗೆ ಒಂದು ಚೀಟಿ ಕೊಡುತ್ತೇನೆ. ಹೆಸರು, ತರಗತಿ, ಊರು, ಮೂಲ ಊರು. ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಬರೆದುಕೊಟ್ಟದ್ದು ಹೀಗಿತ್ತು: ‘ಊರು: ಕೃಷ್ಣಾಪುರ 7ನೇ ಬ್ಲಾಕ್. ಮೂಲ ಊರು: ಈಗ ಹಡಗು ನಿಲ್ಲುವ ಜಾಗ.’ ಅವಳ ಪಕ್ಕದಲ್ಲಿ ಕುಳಿತಿದ್ದವನು ಬಾಗಲಕೋಟೆ ಕಡೆಯ ಹುಡುಗ. ತಂದೆ ತಾಯಿ ಗಾರೆ ಕೆಲಸಕ್ಕೆಂದು ಸುರತ್ಕಲ್ಲಿಗೆ ಬಂದು ಎಂಟು ವರ್ಷವಾಗಿತ್ತು. ಅವನು ಮೂಲ ಊರಿನ ಮುಂದೆ ಬರೆದದ್ದು ಒಂದೇ ಪದ: ‘ಮುಳುಗಡೆ’. ಅಜ್ಜನ ಹಳ್ಳಿ ಆಲಮಟ್ಟಿಯ ಹಿನ್ನೀರಿಗೆ ಹೋಗಿತ್ತು. ಹುಡುಗಿ ಅವನ ಚೀಟಿಯನ್ನು ಕದ್ದು ನೋಡಿ, ‘ನಿಮ್ಮದು ಕೂಡಾ ನೀರಿಗೇ ಹೋದದ್ದಾ?’ ಎಂದು ಕೇಳಿದಳು.

ಆ ವರ್ಷದ ಚಿತ್ರ ಹುಟ್ಟಿದ್ದು ಆ ಪ್ರಶ್ನೆಯಿಂದ. ಹುಟ್ಟಿದ್ದು ಸುಲಭವಾಗಿ, ಅದು ಹತ್ತು ನಿಮಿಷದ ಚಿತ್ರವಾಗಿ ನಿಲ್ಲುವಷ್ಟರಲ್ಲಿ ನನಗೆ ಸಾಕುಸಾಕಾಯಿತು. ಶಾಲೆಯಲ್ಲೋ ಯುವಕ ಮಂಡಲದಲ್ಲೋ ಇಂಥ ಕೆಲಸಕ್ಕೆ ಕೈಹಾಕುವ ಯೋಚನೆಯಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಸಿನಿಮಾ ಕಲಿತವನಲ್ಲ. ಏಳೆಂಟು ಬಾರಿ ಎಡವಿದವನು, ಅಷ್ಟೇ.

ಮೊದಲು ನೆಲದ ಲೆಕ್ಕ

ಮಂಗಳೂರಿನಲ್ಲಿ ಊರು ಬಿಟ್ಟವರ ಈ ವಿಷಯ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಪಣಂಬೂರಿನ ನವ ಮಂಗಳೂರು ಬಂದರು 1974ರಲ್ಲಿ ದೇಶದ ಒಂಬತ್ತನೆಯ ಪ್ರಧಾನ ಬಂದರೆಂದು ಘೋಷಣೆಯಾಯಿತು, 1975ರ ಜನವರಿಯಲ್ಲಿ ಉದ್ಘಾಟನೆಯಾಯಿತು. ಅದಕ್ಕಾಗಿ ಜಾಗ ಬಿಟ್ಟುಕೊಟ್ಟವರು ಕಾಟಿಪಳ್ಳ, ಕೃಷ್ಣಾಪುರಕ್ಕೆ ಬಂದರು. ಹಿತ್ತಿಲಿಗೂ ಗದ್ದೆಗೂ ಒಂದೊಂದು ಹೆಸರಿದ್ದ ಕಡೆಯಿಂದ ಬ್ಲಾಕಿಗೆ ನಂಬರಿರುವ ಕಡೆಗೆ. ಎಂಆರ್‌ಪಿಎಲ್ ತೈಲಾಗಾರ ಬಂದಾಗ ಕುತ್ತೆತ್ತೂರಿನ ಸುತ್ತಲಿನವರ ಸರದಿ, ವಿಶೇಷ ಆರ್ಥಿಕ ವಲಯ ಬಂದಾಗ ಪೆರ್ಮುದೆ, ಕಳವಾರು, ಬಜಪೆ ಕಡೆಯವರ ಸರದಿ. ಉಳ್ಳಾಲ, ಸೋಮೇಶ್ವರ ಉಚ್ಚಿಲದಲ್ಲಿ ಯಾವ ನೋಟಿಸೂ ಇಲ್ಲದೆ ಕಡಲ್ಕೊರೆತ ಮನೆ ಕೊಂಡೊಯ್ಯುತ್ತದೆ.

ಇದು ಹೋದವರ ಲೆಕ್ಕವಾಯಿತು. ಬಂದವರ ಲೆಕ್ಕವೂ ಇದೆ. ಮಲ್ಪೆ ಬಂದರಿನಲ್ಲಿ, ಮಂಗಳೂರಿನ ದಕ್ಕೆಯಲ್ಲಿ ಮೀನುಗಾರಿಕೆ ಬೋಟಿಗೆ ಹೋಗುವ ಒಡಿಶಾ, ಜಾರ್ಖಂಡ್, ಆಂಧ್ರದ ಹುಡುಗರಿದ್ದಾರೆ. ಸುಳ್ಯ, ಪುತ್ತೂರಿನ ರಬ್ಬರ್ ತೋಟಗಳಲ್ಲಿ 1964ರ ಸಿರಿಮಾವೋ-ಶಾಸ್ತ್ರಿ ಒಪ್ಪಂದದಂತೆ ಶ್ರೀಲಂಕಾದಿಂದ ಬಂದ ತಮಿಳು ಕುಟುಂಬಗಳಿವೆ. ಅಲ್ಲಿ ಹುಟ್ಟಿದ ಮೊಮ್ಮಕ್ಕಳು ತುಳುವಿನಲ್ಲಿ ಜಗಳವಾಡುತ್ತಾರೆ. ಮುಂಬಯಿಯ ಹೋಟೆಲಿಗೆ, ಗಲ್ಫಿಗೆ ಹೋಗಿ ವರ್ಷಕ್ಕೊಮ್ಮೆ ಬರುವವರು ಪ್ರತಿ ಮನೆಯಲ್ಲೂ ಒಬ್ಬರಾದರೂ ಇದ್ದಾರೆ. ಹೋದವರನ್ನೂ ಬಂದವರನ್ನೂ ಒಂದೇ ಚಿತ್ರದಲ್ಲಿ ಎದುರುಬದುರು ಕೂರಿಸಿ ಎನ್ನುವುದು ನನ್ನ ಸಲಹೆ. ಜಾಗ ಕಳೆದುಕೊಂಡವರೇ ‘ಘಟ್ಟದವರು ಬಂದು ತುಂಬಿಕೊಂಡರು’ ಎನ್ನುವುದನ್ನು ನಾನು ಅದೇ ಬ್ಲಾಕಿನ ಅಂಗಡಿ ಜಗಲಿಯಲ್ಲಿ ಕುಳಿತು ಕೇಳಿದ್ದೇನೆ. ಮಕ್ಕಳೂ ಅದನ್ನು ಕೇಳಿಕೊಂಡೇ ಬೆಳೆದಿರುತ್ತಾರೆ. ಅದನ್ನು ಮುಚ್ಚಿಟ್ಟು ಚಿತ್ರ ಮಾಡಿದರೆ ಸುಳ್ಳಾಗುತ್ತದೆ.

ತಂಡ

ಐದಾರು ಮಂದಿ ಸಾಕು. ಹದಿನಾಲ್ಕರಿಂದ ಇಪ್ಪತ್ತರೊಳಗಿನವರು. ಒಬ್ಬನನ್ನು ‘ನಿರ್ದೇಶಕ’ ಎಂದು ಕರೆದ ಕ್ಷಣ ಉಳಿದವರು ಲೈಟ್ ಬಾಯ್‌ಗಳಾಗಿಬಿಡುತ್ತಾರೆ, ಆದ್ದರಿಂದ ಕ್ಯಾಮೆರಾ, ಧ್ವನಿ, ಮಾತನಾಡಿಸುವುದು, ಟಿಪ್ಪಣಿ ಬರೆಯುವುದು, ಎಲ್ಲವೂ ದಿನಕ್ಕೊಬ್ಬರಂತೆ ಬದಲಾಗಲಿ. ತುಳು, ಬ್ಯಾರಿ, ಕೊಂಕಣಿ, ಬಯಲುಸೀಮೆಯ ಕನ್ನಡ, ಇವುಗಳಲ್ಲಿ ಕನಿಷ್ಠ ಎರಡು ಭಾಷೆ ತಂಡದೊಳಗೇ ಇರಬೇಕು. ಆರು ವಾರಾಂತ್ಯ ಇಟ್ಟುಕೊಳ್ಳಿ: ಎರಡು ಓಡಾಟಕ್ಕೆ, ಎರಡು ಚಿತ್ರೀಕರಣಕ್ಕೆ, ಎರಡು ಸಂಕಲನಕ್ಕೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇಡ. ತಗಡು ಮಾಡಿನ ಮೇಲೆ ಮಳೆ ಬೀಳುತ್ತಿದ್ದರೆ ಎಂಥ ಮೈಕ್ ಇದ್ದರೂ ಅಜ್ಜಿಯ ಮಾತು ಕೇಳುವುದಿಲ್ಲ.

ವಿಷಯ ಬೇಡ, ವಸ್ತು ಹುಡುಕಿ

ನಮ್ಮ ಮೊದಲ ವರ್ಷದ ಹುಡುಗರು ‘ಅಭಿವೃದ್ಧಿಯ ಹೆಸರಿನಲ್ಲಿ ಬೇರು ಕಿತ್ತವರ ಕಣ್ಣೀರು’ ಎಂದು ಎರಡು ಪುಟದ ನಿರೂಪಣೆ ಬರೆದು ತಂದಿದ್ದರು. ಭಾಷಣ ಸ್ಪರ್ಧೆಗೆ ಬಹುಮಾನ ಬರುವಂಥದ್ದು. ಅದಕ್ಕೆ ಯಾವ ಚಿತ್ರ ತೋರಿಸುತ್ತೀರಿ ಎಂದು ಕೇಳಿದರೆ ಉತ್ತರವಿಲ್ಲ. ಚಿಮಣಿಯ ಹೊಗೆ, ಸೂರ್ಯಾಸ್ತ, ಮತ್ತೆ ಚಿಮಣಿಯ ಹೊಗೆ.

ಅಲ್ಲಿಂದೀಚೆಗೆ ನಾನು ಒಂದೇ ಮನೆಗೆಲಸ ಕೊಡುತ್ತೇನೆ: ಹಳೆಯ ಜಾಗದಿಂದ ಬಂದ ಒಂದು ವಸ್ತುವನ್ನು ನಿಮ್ಮ ಮನೆಯಲ್ಲಿ ಹುಡುಕಿ. ಕಡೆಯುವ ಕಲ್ಲು, ಹಂಡೆ, ಪಾತ್ರೆಯ ಮೇಲೆ ಕೊರೆಸಿದ ಹೆಸರು, ಗೋಡೆಗೆ ತೂಗುಹಾಕಿದ ಫೋಟೊ. ಏನೂ ಇಲ್ಲದಿದ್ದರೆ ಒಂದು ಅಭ್ಯಾಸ ಹುಡುಕಿ. ವಾಸ ಬೇರೆ ಕಡೆಯಾದರೂ ನಾಗರಪಂಚಮಿಗೆ ಮೂಲ ನಾಗನಿಗೆ ತನು (ಹಾಲು) ಎರೆಯಲು ಹಳೆಯ ಜಾಗದ ಕಡೆಗೇ ಹೋಗುವ ಮನೆಗಳು ನಮ್ಮಲ್ಲಿ ಎಷ್ಟಿಲ್ಲ?

ಕೃಷ್ಣಾಪುರದ ಹುಡುಗಿಗೆ ಸಿಕ್ಕಿದ್ದು ದಾರಂದ, ಅಂದರೆ ಬಾಗಿಲಿನ ಚೌಕಟ್ಟು. ಪಣಂಬೂರಿನ ಮನೆ ಬಿಚ್ಚುವಾಗ ಅವಳ ಅಜ್ಜ ಹಂಚು, ಮಾಡಿನ ಮರದ ಪಕ್ಕಾಸು, ದಾರಂದ ಎಲ್ಲವನ್ನೂ ಲಾರಿಗೆ ಹಾಕಿ ತಂದಿದ್ದರಂತೆ. ಹಂಚು, ಪಕ್ಕಾಸು ಎಂದೋ ಹೋದವು, ಮನೆಗೆ ತಾರಸಿ ಬಂತು. ಹಲಸಿನ ಮರದ ಆ ದಾರಂದವನ್ನು ಮಾತ್ರ ಅಡುಗೆಮನೆಯ ಬಾಗಿಲಿಗೆ ಕೂರಿಸಿದ್ದಾರೆ. ಎತ್ತರ ಐದಡಿ ಚಿಲ್ಲರೆ. ಅಜ್ಜಿಗೆ ಎಂಬತ್ತು ದಾಟಿದೆ; ಬೆನ್ನು ಬಾಗಿ ಕುಳ್ಳಗಾಗಿರುವ ಅವರಿಗೆ ತಲೆ ತಾಗುವ ಮಾತೇ ಇಲ್ಲ. ಆದರೂ ಪ್ರತಿ ಸಲ ಎಡಗೈಯನ್ನು ಪಕ್ಕದ ಮರಕ್ಕೆ ಒತ್ತಿ, ತಲೆ ತಗ್ಗಿಸಿ, ಹೊಸ್ತಿಲು ಮೆಟ್ಟದೆ ದಾಟುತ್ತಾರೆ. ಕೈ ಬೀಳುವ ಜಾಗದಲ್ಲಿ ಮರ ಕಪ್ಪಾಗಿ, ಎಣ್ಣೆ ಹಚ್ಚಿದಂತೆ ಹೊಳೆಯುತ್ತದೆ. ಉಳಿದ ಕಡೆ ಹಸಿರು ಪೇಂಟು. ಮೊಮ್ಮಗಳು ಉದ್ದದ ಹುಡುಗಿ, ಹಿಂದೆಯೇ ಬಂದವಳು ಹಣೆ ಬಡಿದುಕೊಂಡು ‘ಅಮ್ಮಾ’ ಎನ್ನುತ್ತಾಳೆ. ದಿನಕ್ಕೊಮ್ಮೆಯಾದರೂ ಹೀಗಾಗುತ್ತದಂತೆ. ನಲವತ್ತು ಸೆಕೆಂಡಿನ ಆ ತುಣುಕಿನಲ್ಲಿ ಯಾರೂ ಏನನ್ನೂ ವಿವರಿಸುವುದಿಲ್ಲ. ನಮ್ಮ ಹತ್ತು ನಿಮಿಷದಲ್ಲಿ ಜನ ನೆನಪಿಟ್ಟುಕೊಂಡದ್ದು ಅದೊಂದನ್ನೇ.

ಬಾಗಲಕೋಟೆಯ ಹುಡುಗ ಎರಡು ದಿನ ಹುಡುಕಿ, ‘ನಮ್ಮ ಬಾಡಿಗೆ ಕೋಣೆಯಲ್ಲಿ ಹಳೆಯದು ಯಾವುದೂ ಇಲ್ಲ’ ಎಂದು ಬೇಸರದಿಂದ ಬಂದ. ಅವನ ತಾಯಿ ರೊಟ್ಟಿ ಬಡಿಯುವ ಸದ್ದನ್ನು ಮುದ್ರಿಸಿ ತರಲು ಹೇಳಿದೆ. ಆ ಸಾಲಿನ ಕೋಣೆಗಳಲ್ಲಿ ಬೆಳಗ್ಗೆ ಐದೂವರೆಗೆ ರೊಟ್ಟಿಯ ಸದ್ದಿನ ಹಿಂದೆಯೇ ಬಂದರಿನ ಹಡಗಿನ ಸೈರನ್ ಕೂಡಾ ಸಿಕ್ಕಿತು. ನಾನೇ ಬೇಡಿದ್ದರೂ ಅಂಥದ್ದು ಸಿಗುತ್ತಿರಲಿಲ್ಲ.

ಕಾಗದಪತ್ರದ ಓದು

ಈ ಹಂತವನ್ನು ಹೆಚ್ಚಿನವರು ಹಾರಿಬಿಡುತ್ತಾರೆ, ಹಾರಬೇಡಿ. ಒಂದು ಸಂಜೆ ಮನೆಯ ಹಿರಿಯರನ್ನು ಟ್ರಂಕ್ ತೆರೆಯಲು ಒಪ್ಪಿಸಿ. ಪಹಣಿ, ಹಳೆಯ ಅಡಂಗಲ್, ಪರಿಹಾರದ ನೋಟಿಸು, ಸೈಟಿನ ಹಕ್ಕುಪತ್ರ ಇರಬಹುದು. ಜಾಗದ ಹಕ್ಕು, ಗೇಣಿಗೆ ಸೇರಿದ ‘ವರ್ಗ’, ‘ಕುಮ್ಕಿ’, ‘ಮೂಲಗೇಣಿ’, ‘ಚಾಲಗೇಣಿ’ ಎಂಬ ಪದಗಳ ಅರ್ಥ ಅಜ್ಜಂದಿರಿಂದಲೇ ಮಕ್ಕಳು ಕೇಳಿ ತಿಳಿಯಲಿ. ಉಳುವವನಿಗೆ ಭೂಮಿ ಎಂಬ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದದ್ದು 1974ರ ಮಾರ್ಚ್ 1ರಂದು. ಬಂದರಿಗೆ ಜಾಗ ಬಿಟ್ಟದ್ದು ಅದಕ್ಕೂ ಮೊದಲು. ಹಾಗಾದರೆ ಗೇಣಿಗೆ ಇದ್ದವರ ಪಾಡೇನಾಯಿತು, ಕಾಗದ ಯಾರ ಹೆಸರಿನಲ್ಲಿತ್ತು ಎಂಬ ಪ್ರಶ್ನೆ ತಾನಾಗಿಯೇ ಏಳುತ್ತದೆ. ನಿಂತ ಜಾಗದ ಸರ್ವೆ ನಂಬರ್ ತೋರಿಸುವ ದಿಶಾಂಕ್ ಆ್ಯಪ್ ಮೊಬೈಲಿನಲ್ಲಿ ಇಳಿಸಿಕೊಳ್ಳಿ. ನಕ್ಷೆಯಲ್ಲಿ ಬೆರಳಿಟ್ಟು ‘ನಮ್ಮ ಬಾವಿ ಇಲ್ಲೇ ಎಲ್ಲೋ’ ಎಂದು ಹುಡುಕುವ ಅಜ್ಜನ ಬೆರಳು ಒಂದು ಒಳ್ಳೆಯ ಶಾಟ್.

ಅನುಮತಿ, ಮೂರು ಬಗೆಯದು

ಮನೆಯವರ ಅನುಮತಿಯನ್ನು ಎರಡು ಸಲ ಕೇಳಬೇಕು: ಚಿತ್ರೀಕರಿಸುವ ಮುನ್ನ, ಮತ್ತು ಸಂಕಲನ ಮುಗಿಸಿ ತೋರಿಸಿದ ಮೇಲೆ. ಹದಿನೆಂಟು ತುಂಬದವರಿಗೆ ಹೆತ್ತವರ ಸಹಿ ಬೇಕು. ಅಕ್ಷರ ಬಾರದವರಿಂದ ಹೆಬ್ಬೆಟ್ಟು ಒತ್ತಿಸಿಕೊಳ್ಳಬೇಡಿ. ಹೆಬ್ಬೆಟ್ಟು ಒತ್ತಿಯೇ ಜಾಗ ಹೋದವರು ಅವರು! ಅವರ ಭಾಷೆಯಲ್ಲೇ ವಿವರಿಸಿ, ಒಪ್ಪಿದ ಮಾತನ್ನು ಮುದ್ರಿಸಿಕೊಳ್ಳಿ. ಪರಿಹಾರ ಎಷ್ಟು ಸಿಕ್ಕಿತು ಎಂದು ಕ್ಯಾಮೆರಾ ಮುಂದೆ ಕೇಳಲೇಬಾರದು. ಒಮ್ಮೆ ಹುಡುಗರು ಕೇಳಿದರು, ಅಜ್ಜ ಹೇಳಿದರು, ಅದು ಅವರ ತಮ್ಮನ ಮಕ್ಕಳ ಕಿವಿಗೆ ಬಿತ್ತು. ಐವತ್ತು ವರ್ಷದ ಹಿಂದಿನ ಪಾಲಿನ ಪಂಚಾತಿಕೆ ಮತ್ತೆ ಎದ್ದು, ನಾನು ಎರಡು ಮನೆಗೂ ಹೋಗಿ ಕೈಮುಗಿಯಬೇಕಾಯಿತು. ತಪ್ಪು ನನ್ನದೇ, ಮೊದಲೇ ಹೇಳಿಕೊಡಬೇಕಿತ್ತು.

ಎರಡನೆಯದು ದೈವ, ನಾಗಬನ, ಮಸೀದಿ, ಇಗರ್ಜಿ. ದೈವಾರಾಧನೆಯ ಕೋಲದ ಚಿತ್ರೀಕರಣವನ್ನು ಹಲವು ಕಡೆ ಒಪ್ಪುವುದಿಲ್ಲ. ಕೋಲ ನಡೆಸುವ ಗುತ್ತಿನ ಮನೆಯವರನ್ನೂ ದೈವದ ಚಾಕರಿಯವರನ್ನೂ ಇಬ್ಬರನ್ನೂ ಕೇಳಿ. ಒಬ್ಬರು ಬೇಡವೆಂದರೂ ಬೇಡ. ಕೋಲವನ್ನು ತೋರಿಸದೆ, ಅದಕ್ಕಾಗಿ ಮುಂಬಯಿಯಿಂದ ಬಂದವರು ಅಂಗಳದಲ್ಲಿ ಚಪ್ಪಲಿ ಬಿಟ್ಟ ಸಾಲನ್ನು ತೋರಿಸಿದರೂ ವಿಷಯ ಮುಟ್ಟುತ್ತದೆ.

ಮೂರನೆಯದು ಬಂದರು, ತೈಲಾಗಾರ, ವಿಮಾನ ನಿಲ್ದಾಣ. ಗೇಟಿನ ಬಳಿ ಮೊಬೈಲ್ ಎತ್ತಿದರೆ ಕಾವಲಿಗಿರುವ ಸಿಐಎಸ್‌ಎಫ್‌ನವರು ಬರುತ್ತಾರೆ, ಅದು ಅವರ ಕೆಲಸ. ಡ್ರೋನ್ ಆಸೆ ಬಿಡಿ. ಇಂಥ ಕಡೆ ನಿಯಮ ಬಿಗಿ, ಸಾಲದ್ದಕ್ಕೆ ಮೇಲಿನಿಂದ ನೋಡಿದರೆ ಎಲ್ಲ ಊರೂ ತೆಂಗಿನ ತೋಟವೇ.

ಮಾತನಾಡಿಸುವುದು

‘ಊರು ಬಿಟ್ಟಾಗ ನಿಮಗೆ ಏನನ್ನಿಸಿತು?’ ಎಂದು ಟಿವಿಯವರಂತೆ ಕೇಳಿದರೆ ಟಿವಿಯಲ್ಲಿ ಬರುವ ಉತ್ತರವೇ ಬರುತ್ತದೆ. ‘ನಿರ್ವಸಿತ’, ‘ಸ್ಥಳಾಂತರ’ ಎಂಬ ಪದಗಳು ಅರ್ಜಿಯಲ್ಲಿರಲಿ. ಕಾಟಿಪಳ್ಳದಲ್ಲಿ ಜನ ಹೇಳುವುದು ‘ಪೋರ್ಟಿಗೆ ಜಾಗ ಹೋದದ್ದು’ ಎಂದು. ನೀವೂ ಹಾಗೆಯೇ ಕೇಳಿ. ಬಾವಿ ಮನೆಯ ಯಾವ ಬದಿಗಿತ್ತು? ರಾತ್ರಿ ಕಡಲಿನ ಸದ್ದು ಕೇಳುತ್ತಿತ್ತೇ? ಕೊನೆಯ ದಿನ ಒಲೆ ಹಚ್ಚಿದ್ದಿರೇ, ಏನು ಅಡುಗೆ? ದನವನ್ನು ಹೇಗೆ ತಂದಿರಿ, ನಡೆಸಿಕೊಂಡೋ? ಅದು ವಾಪಸ್ ಹೋಗಲಿಲ್ಲವೇ?

ಈ ದನದ ಪ್ರಶ್ನೆಯನ್ನು ನಾನು ಯಾರಿಗೂ ಬಿಟ್ಟುಕೊಡುವುದಿಲ್ಲ, ನಾನೇ ಕೇಳುತ್ತೇನೆ. ಮಾತು ಬಾರದವರೂ ಅರ್ಧ ಗಂಟೆ ಮಾತನಾಡುತ್ತಾರೆ.

ಇನ್ನೊಂದು ಉಪಾಯ, ಸೀಮೆಸುಣ್ಣ ಕೊಟ್ಟು ಹಳೆಯ ಮನೆಯ ನಕ್ಷೆಯನ್ನು ಸಿಮೆಂಟಿನ ಅಂಗಳದಲ್ಲಿ ಬರೆಯಿಸುವುದು. ಮೊಮ್ಮಕ್ಕಳು ಅದರೊಳಗೆ ನಡೆಯಲಿ. ‘ಅಲ್ಲಿ ಕಾಲಿಡಬೇಡ, ಅದು ದೇವರ ಕೋಣೆ’ ಎಂದು ಅಜ್ಜಿ ಗದರಿಸಿದರೆ ನಿಮ್ಮ ಚಿತ್ರ ಶುರುವಾಯಿತು ಎಂದು ತಿಳಿಯಿರಿ.

ಕ್ಯಾಮೆರಾ ಕಂಡೊಡನೆ ನಮ್ಮ ಹಿರಿಯರು ಶಾಲೆಯ ಕನ್ನಡಕ್ಕೆ ಹಾರುತ್ತಾರೆ. ಕರಾವಳಿಯವರ ಕನ್ನಡ ಮೊದಲೇ ಪುಸ್ತಕದ್ದು, ಕ್ಯಾಮೆರಾ ಮುಂದೆ ಅದಕ್ಕೆ ಇಸ್ತ್ರಿಯೂ ಬೀಳುತ್ತದೆ. ಮನೆಯ ಮಗುವೇ ಮನೆಯ ಭಾಷೆಯಲ್ಲಿ ಮಾತನಾಡಿಸಿದರೆ ಐದು ನಿಮಿಷದಲ್ಲಿ ಸರಿಹೋಗುತ್ತದೆ.

ಮೊಬೈಲಿನ ಕೆಲಸ

ಅಡ್ಡವಾಗಿ ಹಿಡಿಯಿರಿ. 1080ಪಿ, ಸೆಕೆಂಡಿಗೆ 25 ಫ್ರೇಮ್, ಶಟರ್ 1/50. ನಮ್ಮ ವಿದ್ಯುತ್ 50 ಹರ್ಟ್ಸ್ ಆದ್ದರಿಂದ ಟ್ಯೂಬ್‌ಲೈಟ್ ಮಿನುಗುವುದು ಹೀಗೆ ತಪ್ಪುತ್ತದೆ. ಫೋಕಸ್ ಮತ್ತು ಬೆಳಕನ್ನು ಲಾಕ್ ಮಾಡಿ, ಫ್ಲೈಟ್ ಮೋಡ್ ಹಾಕಿ. ಟ್ರೈಪಾಡ್ ಇಲ್ಲವಾದರೆ ಎರಡು ಕಿಲೋ ಅಕ್ಕಿಯ ಚೀಲದ ಮೇಲೆ ಫೋನ್ ಊರಿ ಇಡಿ. ಪ್ರತಿ ಶಾಟ್ ಹತ್ತು ಸೆಕೆಂಡ್ ಅಲುಗದಿರಲಿ; ಮಕ್ಕಳಿಗೆ ಇದೇ ಅತಿ ಕಷ್ಟದ ಪಾಠ.

ಹಂಚಿನ ಮನೆಯ ಒಳಗೆ ಕತ್ತಲು. ಬಾಗಿಲಿಗೆ ಬೆನ್ನು ಹಾಕಿ ಕೂರಿಸಿದರೆ ಮುಖ ಮಸಿಯಾಗುತ್ತದೆ, ಬಾಗಿಲ ಕಡೆಗೆ ಮುಖ ಮಾಡಿಸಿ. ಗಾಜಿನ ಹಂಚು ಇದ್ದರೆ ಹನ್ನೊಂದರ ಬಿಸಿಲಿಗೆ ಕಾಯಿರಿ.

ಚಿತ್ರ ಸ್ವಲ್ಪ ಕೆಟ್ಟರೂ ಜನ ನೋಡುತ್ತಾರೆ, ಧ್ವನಿ ಕೆಟ್ಟರೆ ಎದ್ದು ಹೋಗುತ್ತಾರೆ. ಸಾವಿರ ರೂಪಾಯಿಯೊಳಗೆ ಕಾಲರ್ ಮೈಕ್ ಸಿಗುತ್ತದೆ. ಅದೂ ಇಲ್ಲವಾದರೆ ಎರಡನೆಯ ಫೋನನ್ನು ರೆಕಾರ್ಡರ್ ಮಾಡಿ ಮಾತನಾಡುವವರ ಜೇಬಿನಲ್ಲೋ ಮಡಿಲಲ್ಲೋ ಇಡಿ. ಶುರುವಿನಲ್ಲಿ ಒಮ್ಮೆ ಚಪ್ಪಾಳೆ ತಟ್ಟಿದರೆ ಆಮೇಲೆ ಎರಡನ್ನೂ ಕೂಡಿಸುವುದು ಸುಲಭ. ಫ್ಯಾನ್, ಫ್ರಿಜ್ ಆಫ್ ಮಾಡಿಸಿ. ಫ್ರಿಜ್ ಮತ್ತೆ ಆನ್ ಮಾಡಲು ಮರೆಯದಂತೆ ನಿಮ್ಮ ಬೈಕಿನ ಕೀಲಿಯನ್ನು ಅದರೊಳಗೇ ಇಡಿ. ಒಂದು ಮನೆಯವರ ಬಂಗುಡೆ ಹಾಳುಮಾಡಿದ ಮೇಲೆ ಕಲಿತ ಪಾಠವಿದು. ಹೊರಡುವ ಮುನ್ನ ಯಾರೂ ಮಾತನಾಡದೆ ಒಂದು ನಿಮಿಷ ಆ ಕೋಣೆಯ ಸದ್ದನ್ನು ಮುದ್ರಿಸಿಕೊಳ್ಳಿ, ಸಂಕಲನದಲ್ಲಿ ತೇಪೆ ಹಾಕಲು ಬೇಕಾಗುತ್ತದೆ.

ಸಂಕಲನ ಮತ್ತು ಉಪಶೀರ್ಷಿಕೆ

ಕಂಪ್ಯೂಟರ್ ಇದ್ದರೆ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ ಸಾಕು. ಅದನ್ನು ತೆರೆಯುವ ಮೊದಲು ಪ್ರತಿ ಶಾಟನ್ನೂ ಒಂದೊಂದು ಚೀಟಿಯಲ್ಲಿ ಬರೆದು ನೆಲದ ಮೇಲೆ ಜೋಡಿಸಿ. ಮಕ್ಕಳು ನೆಲದ ಮೇಲೆ ಜಗಳವಾಡುವುದು ಪರದೆಯ ಮುಂದೆ ಆಡುವುದಕ್ಕಿಂತ ಒಳ್ಳೆಯದು. ದುಃಖದ ಕೊಳಲು ಬೇಡ. ಸಿನಿಮಾ ಹಾಡಂತೂ ಬೇಡವೇ ಬೇಡ. ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮೇಲೆ 60 ವರ್ಷ ಇರುತ್ತದೆ. ರೊಟ್ಟಿಯ ಸದ್ದು, ಸೈರನ್, ದಾರಂದಕ್ಕೆ ಹಣೆ ಬಡಿದ ಸದ್ದು, ಇಷ್ಟರಲ್ಲೇ ನಮ್ಮ ಚಿತ್ರ ಮುಗಿಯಿತು.

ಉಪಶೀರ್ಷಿಕೆಯ ಕೆಲಸಕ್ಕೆ ಸಾಕಷ್ಟು ಸಮಯ ಇಡಿ. ಅಜ್ಜಿ ತುಳುವಿನಲ್ಲಿ ‘ಎಂಕ್ಲೆನ ಇಲ್ಲ್’ ಎಂದಿದ್ದರು, ನಮ್ಮ ಮನೆ ಎಂದು. ಅಂದು ಬರೆದುಕೊಳ್ಳುವ ಸರದಿ ಬಾಗಲಕೋಟೆಯ ಹುಡುಗನದು. ಅವನು ಕೇಳಿಸಿಕೊಂಡಂತೆ ‘ನಮ್ಮದು ಇಲ್ಲ’ ಎಂದು ಬರೆದ. ತಂಡವಿಡೀ ನಕ್ಕಿತು. ಆಮೇಲೆ ಹುಡುಗಿ ನಗು ನಿಲ್ಲಿಸಿ, ಅದನ್ನು ತಿದ್ದಬೇಡಿ ಎಂದಳು. ಹಾಗಾಗಿ ಮೊದಲು ತಪ್ಪು ಸಾಲು, ಅದರ ಮೇಲೆ ಗೀಟು, ಕೆಳಗೆ ಸರಿಯಾದ ಸಾಲು ಬರುವಂತೆ ಮಾಡಿದೆವು. ಇನ್ನೊಂದು ಕಡೆ ‘ಜಾಗೆ’ ಎಂಬ ಪದಕ್ಕೆ ಯಾರೋ ‘ನಿವೇಶನ’ ಎಂದು ಹಾಕಿದ್ದರು. ಓದಿ ಹೇಳಿದಾಗ ಅಜ್ಜಿ, ‘ನಿವೇಶನ ಸರಕಾರದ್ದು, ನಾನು ಹೇಳಿದ್ದು ನಮ್ಮದನ್ನು’ ಎಂದರು. ಆದ್ದರಿಂದ ಪ್ರತಿ ಸಾಲನ್ನೂ ಮಾತನಾಡಿದವರಿಗೇ ಓದಿ ಹೇಳಿ. ಪರದೆಯ ಮೇಲೆ ಒಮ್ಮೆಗೆ ಎರಡು ಸಾಲಿಗಿಂತ ಹೆಚ್ಚು ಬೇಡ, ನಿಧಾನ ಓದುವವರಿಗೂ ಸಾಲುವಷ್ಟು ಹೊತ್ತು ನಿಲ್ಲಲಿ.

ತೋರಿಸುವುದು

ಮೊದಲ ಪ್ರದರ್ಶನ ಆ ಮನೆಯವರಿಗೆ, ಅವರ ಮನೆಯಲ್ಲೇ. ತೆಗೆಯಿರಿ ಎಂದದ್ದನ್ನು ವಾದಿಸದೆ ತೆಗೆಯಿರಿ. ನಮ್ಮ ಚಿತ್ರದ ಅತ್ಯುತ್ತಮ ಮಾತೊಂದು ಹೀಗೆ ಹೋಯಿತು, ಇಂದಿಗೂ ಹೊಟ್ಟೆಯುರಿ ಇದೆ.

ಎರಡನೆಯದು ಊರಿಗೆ. ಇಲ್ಲಿ ಮುಚ್ಚುಮರೆ ಮಾಡದೆ ಹೇಳುತ್ತೇನೆ: ಭಜನಾ ಮಂದಿರದಲ್ಲಿ ಪರದೆ ಕಟ್ಟಿದರೆ ಅರ್ಧ ಊರು ಬರುವುದಿಲ್ಲ, ಮದರಸದ ಸಭಾಂಗಣದಲ್ಲಿ ಕಟ್ಟಿದರೆ ಉಳಿದರ್ಧ ಬರುವುದಿಲ್ಲ. ಸರಕಾರಿ ಶಾಲೆಯ ಜಗಲಿ ಹುಡುಕಿ. ಬಿಳಿ ಮುಂಡು ಎರಡು ಹೊಲಿದರೆ ಪರದೆಯಾಗುತ್ತದೆ. ಬಾಡಿಗೆ ಕೋಣೆಗಳ ಸಾಲಿಗೆ ಮಕ್ಕಳೇ ಹೋಗಿ ಕರೆಯಲಿ. ಕರಪತ್ರ ಹಂಚಿದರೆ ಅವರು ಬರುವುದಿಲ್ಲ, ಅವರನ್ನು ಯಾರೂ ಯಾವುದಕ್ಕೂ ಕರೆದು ಅಭ್ಯಾಸವಿಲ್ಲ. ಪ್ರದರ್ಶನದ ಸಮಯ ರಾತ್ರಿ ಎಂಟರ ಮೇಲಿರಲಿ, ಕೆಲಸ ಮುಗಿಸಿ ಸ್ನಾನ ಮಾಡಿ ಬರಲು ಅಷ್ಟು ಹೊತ್ತು ಬೇಕು. ಚಿತ್ರ ಮುಗಿದ ಮೇಲೆ ಅತಿಥಿ ಭಾಷಣ ಇಡಬೇಡಿ. ಚಹಾ ಕೊಡಿ, ಬೆಂಚುಗಳನ್ನು ವೃತ್ತಕ್ಕೆ ತಿರುಗಿಸಿ. ನಮ್ಮಲ್ಲಿ ಅಜ್ಜಿ ಎದ್ದುಹೋಗಿ ರೊಟ್ಟಿಯ ತಾಯಿಯ ಪಕ್ಕ ಕುಳಿತರು. ಇಬ್ಬರಿಗೂ ಪರಸ್ಪರರ ಭಾಷೆ ಬಾರದು. ಏನು ಮಾತನಾಡಿದರೋ ಗೊತ್ತಿಲ್ಲ, ಕ್ಯಾಮೆರಾ ಆಗಲೇ ಚೀಲ ಸೇರಿತ್ತು.

ಸ್ಪರ್ಧೆ, ಚಿತ್ರೋತ್ಸವ ಎಲ್ಲ ಆಮೇಲೆ. ಯೂಟ್ಯೂಬಿಗೆ ಹಾಕುವುದಾದರೆ ಮನೆಯವರನ್ನು ಮತ್ತೊಮ್ಮೆ ಕೇಳಿ, ಮನೆ ನಂಬರ್, ಕಾಗದಪತ್ರದ ವಿವರ ಕಾಣದಂತೆ ಮಸುಕು ಮಾಡಿ. ಕತ್ತರಿಸದ ಪೂರ್ತಿ ಮಾತುಕತೆಯನ್ನು ಎರಡು ಹಾರ್ಡ್ ಡಿಸ್ಕ್‌ಗಳಲ್ಲಿ, ಎರಡು ಬೇರೆ ಮನೆಗಳಲ್ಲಿ ಇಡಿ. ಕರಾವಳಿಯ ತೇವಕ್ಕೆ ಒಂದು ಕೆಟ್ಟೇ ಕೆಡುತ್ತದೆ. ಕುಟುಂಬಕ್ಕೆ ಒಂದು ಪೆನ್‌ಡ್ರೈವ್ ಕೊಡಿ. ಎಂಪಿ4 ಕಡತವಾಗಿರಲಿ, ಹಳೆಯ ಟಿವಿಗೂ ಸಿಕ್ಕಿಸಿ ನೋಡುವಂತಿರಲಿ, ಮೇಲೆ ಅಂಟಿಸಿದ ಚೀಟಿಯಲ್ಲಿ ಚಿತ್ರದ ಹೆಸರಿನ ಜತೆಗೆ ಅಜ್ಜಿಯ ಹೆಸರೂ ಇರಲಿ. ಕೊಡುವ ಮೊದಲು ಅವರ ಟಿವಿಯಲ್ಲೇ ಒಮ್ಮೆ ಹಾಕಿ ಪರೀಕ್ಷಿಸಿ.